ಕೊಟ್ರಬಸಪ್ಪನ ಗೂಟ
ಎಂಬತ್ತರ ದಶಕದ ಬಳ್ಳಾರಿಯಲ್ಲಿ ಹತ್ತಿ ಮಿಲ್ಲಿನ ಕಂಪ್ಯೂಟರಿಗೆ ಟೇಪ್ ಯಂತ್ರ ನಡೆಸುವ ಡ್ರೈವರ್ ಪ್ರೋಗ್ರಾಮ್ ಬರೆಯುವ ಕೊಟ್ರಬಸಪ್ಪನ ಬಾಯಲ್ಲಿ ಒಂದೇ ಜಪ: ‘ಅಲುಗಿಸಬ್ಯಾಡ್ರಿ!’ ಟೇಪ್ ಯಂತ್ರ ಯಾವುದೋ ಪ್ರೋಗ್ರಾಮಿನ ಮೆಮರಿ ಪುಟವನ್ನು ನಕಲು ಮಾಡುತ್ತಿರುವಾಗ ಕಂಪ್ಯೂಟರ್ ಜಾಗ ಹೊಂದಿಸಲು ಆ ಪುಟವನ್ನು ಬೇರೆಡೆ ಎತ್ತಿಹಾಕಿದರೆ ಟೇಪಿನಲ್ಲಿ ಬರೀ ಕಸ. ಅದಕ್ಕೇ ಮೊದಲು ಪುಟಕ್ಕೆ ಗೂಟ ಹೊಡೆಯಬೇಕು, ಕೆಲಸ ಮುಗಿದ ಮೇಲಷ್ಟೇ ಕೀಳಬೇಕು. ಆ ಗೂಟದ ಚಾಳಿ ಅವನಿಗೇ ಅಂಟಿತ್ತು. ಹೋಟೆಲಿನ ಮಾಣಿ ಮಂಡಕ್ಕಿ ಒಗ್ಗರಣಿಯ ತಟ್ಟೆ ಎತ್ತಲು ಬಂದರೆ ಎರಡೂ ಕೈಯಿಂದ ಒತ್ತಿ ಹಿಡಿದು, ‘ಇನ್ನಾ ಕೆಲಸ ನಡದೈತೆಪ್ಪಾ, ಅಲುಗಿಸಬ್ಯಾಡ!’ ಎನ್ನುವನು. ಹೆಂಡತಿ ಚನ್ನವೀರಮ್ಮನ ತಾಯಿಯನ್ನು ಸಿರುಗುಪ್ಪದ ತವರಿನಲ್ಲಿ ಮಣ್ಣು ಮಾಡಿ ಬರುವಾಗ, ದಿನಗಟ್ಟಲೆ ನಿದ್ದೆಯನ್ನೇ ಮರೆತಿದ್ದ ಅವಳು ಬಸ್ಸಿನಲ್ಲಿ ಅವನ ಹೆಗಲಿಗೊರಗಿ ಕಣ್ಣು ಮುಚ್ಚಿದಳು. ಬಳ್ಳಾರಿ ಬಂತು, ಎಲ್ಲರೂ ಇಳಿದರು. ‘ಇಳೀರಿ ಯಜಮಾನ್ರ, ಬಸ್ಸು ಕುರುಗೋಡಿಗೆ ಹೊಂಟೈತಿ’ ಎಂದ ಕಂಡಕ್ಟರ್. ಕೊಟ್ರಬಸಪ್ಪ ಹೆಗಲು ಅಲುಗಿಸದೆ, ಇನ್ನೊಂದು ಕೈಯಿಂದ ಜೇಬು ತಡಕುತ್ತ ಪಿಸುಗುಟ್ಟಿದ: ‘ಕುರುಗೋಡಿಗೆ ಎರಡು ಕೊಡ್ರಿ.’