ಚುಚ್ಚಿದ ಗುಲಗಂಜಿ

ಮೊನ್ನೆ ಅಕ್ಕಲಕೋಟೆಯ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕ ಒಂದು ಬಟ್ಟಲು ಗುಲಗಂಜಿ ಇತ್ತು. ಕೆಂಪು ಬೀಜ, ತುದಿಗೆ ಕರಿ ಚುಕ್ಕೆ. ಅವರು ಕೂತುಕೊಳ್ಳಲು ಹೇಳಿದರು. ನನಗೆ ಕೂರಲಾಗಲಿಲ್ಲ...

ಇದು ಬಹಳ ವರ್ಷದ ಹಿಂದಿನ ಮಾತು. ಆ ದಿನ ನಾನು ನಿಂತಿದ್ದ ಜಾಗ ಇದು: ಸೊಲ್ಲಾಪುರದ ಬಟ್ಟೆ ಗಿರಣಿಯವರ ಸಾಲುಮನೆಗಳ ಚಾಳಿನಲ್ಲಿ, ಪಕ್ಕದ ಮನೆಯ ವೈನಿಯ ಹೊಸ್ತಿಲಿನ ಹೊರಗೆ, ಬಾಗಿಲಿನಿಂದ ಎರಡು ಮೊಳ ದೂರ. ಶ್ರಾವಣದ ಸೋಮವಾರ. ಮಧ್ಯಾಹ್ನದ ಪಾಳಿಗೆ ಕರೆಯುವ ಗಿರಣಿಯ ಭೋಂಗಾ ಇನ್ನೂ ಕೂಗಿರಲಿಲ್ಲ. ನನಗೆ ಆಗ ಇಪ್ಪತ್ತಮೂರು ವರ್ಷ. ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದೆ.

ವೈನಿ ಎಂದರೆ ಅತ್ತಿಗೆ; ಚಾಳಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ವಿಧವೆ. ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಎಲೆ ಸುರುಳಿಯಾಗಿ ದಾರ ಬೀಳುವುದು ನೋಡುವವರ ಕಣ್ಣಿಗೆ ಸಿಗುತ್ತಿರಲಿಲ್ಲ, ಅಷ್ಟು ಚುರುಕು ಬೆರಳು. ಅಂಥವರ ಐದು ವರ್ಷದ ಮಗಳಿಗೆ ಒಂದು ದೊಡ್ಡ ಜ್ವರ ಬಂದು ಹೋದ ಮೇಲೆ ಬೆರಳು ಹಿಡಿತಕ್ಕೆ ಬರುತ್ತಿರಲಿಲ್ಲ. ರೊಟ್ಟಿ ಹರಿಯಲೂ ಆಗುತ್ತಿರಲಿಲ್ಲ.

"ನಾ ಸತ್ರ ಇದಕ್ಕ ಯಾರ್ ತಿನ್ನಸ್ತಾರ, ತಮ್ಮಾ?" ಎಂದು ವೈನಿ ಒಂದು ಸಂಜೆ ಕೇಳಿದರು. ಮತ್ತೆ ಯಾವತ್ತೂ ಕೇಳಲಿಲ್ಲ. ಮಗುವಿನ ಬೆರಳಿಗೆ ಕೆಲಸ ಕಲಿಸಲು ಶುರು ಮಾಡಿದರು.

ಮೊರದಲ್ಲಿ ಜೋಳ, ತೊಗರಿ ಬೆರೆಸಿ ಮಗುವಿನ ಮುಂದೆ ಇಡುತ್ತಿದ್ದರು. ಬೇರೆ ಬೇರೆ ಮಾಡಬೇಕು. ಹಸಿ ಮಣ್ಣು ತಂದು ಗೋಲಿ ಮಾಡಿಸುತ್ತಿದ್ದರು. ನಾನು ಗಿರಣಿಯಿಂದ ತಂದ ಕಸದ ಹತ್ತಿಯಲ್ಲಿ ಬತ್ತಿ ಹೊಸೆಸುತ್ತಿದ್ದರು. ಮೊದಲು ಬತ್ತಿ ಹುಳದ ಹಾಗೆ ಇರುತ್ತಿತ್ತು. ಚಾಳಿನ ಮುದುಕಿಯರು, ದೇವರು ಈ ದೀಪ ಕಂಡರೆ ಹೆದರುತ್ತಾನೆ ಎಂದು ನಗುತ್ತಿದ್ದರು. ವೈನಿಯೂ ನಗುತ್ತಿದ್ದರು, ಆದರೆ ಅದೇ ಬತ್ತಿ ಹಚ್ಚುತ್ತಿದ್ದರು.

ಆಮೇಲೆ ಪೋಣಿಸುವುದು. ಹುಣಸೆಬೀಜ ಚುಚ್ಚಲು ಬರಲಿಲ್ಲ. ಕುಂಭಾರಿ ಊರಿನ ಬೇಲಿಯಲ್ಲಿ ಗುಲಗಂಜಿ ಕಂಡಿದ್ದೆ. ಬಣ್ಣಕ್ಕೆ ಮಗು ಒಲಿಯುತ್ತದೆ ಎಂದು ತಂದೆ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಸೂಜಿ ಕಾಯಿಸಿ, ನಾನೇ ಚುಚ್ಚಿದೆ. ಹದಿನಾಲ್ಕು. ಮಕ್ಕಳು ಗುಲಗಂಜಿ ನುಂಗಿದರೆ ಹಾಗೇ ಹೊರಗೆ ಬರುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಸೋಮವಾರ ಮಗು ಅವನ್ನು ಒಂದೊಂದಾಗಿ ದಾರಕ್ಕೆ ಹಾಕಿತು. ನಡುನಡುವೆ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುತ್ತಿತ್ತು... ಊಟದ ಹೊತ್ತಿಗೆ ವೈನಿ ರೊಟ್ಟಿ ಮುಂದಿಟ್ಟು ಕೈ ಹಿಂದೆ ಕಟ್ಟಿ ಕೂತರು. ಮಗು ರೊಟ್ಟಿಯ ಅಂಚು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು, ಹರಿಯಿತು. ಹರಿದ ತುಂಡನ್ನು ತಾನು ತಿನ್ನದೆ ಅವ್ವನ ಬಾಯಿಗೆ ಹಿಡಿಯಿತು. ವೈನಿಗೆ ಸೋಮವಾರದ ಉಪವಾಸ. ಬಾಯಿ ತೆರೆದು ತಿಂದುಬಿಟ್ಟರು.

"ವಾರ ಮುರದ್ಯಲ್ಲ ನಮ್ಮವ್ವಾ," ಎಂದಳು ನನ್ನ ಪಕ್ಕ ನಿಂತಿದ್ದ ನನ್ನ ಅಕ್ಕ.

"ಶಿವನೇ ತಿನಸ್ಯಾನ, ಬಿಡ್ರಿ," ಎಂದರು ವೈನಿ.

ಸಂಜೆಗೆ ಮಗುವಿಗೆ ವಾಂತಿ ಶುರುವಾಯಿತು. ಹದಿನಾಲ್ಕರಲ್ಲಿ ಹನ್ನೊಂದೇ ದಾರದಲ್ಲಿ ಇದ್ದವು. ಮುದುಕಿಯರು ಹೆದರಬೇಡ ಎಂದರು, ಔಡಲೆಣ್ಣೆ ಕುಡಿಸಿದರು. ಮರುದಿನ ರಕ್ತ ಹೋಗತೊಡಗಿತು. ಆಗ ಅದೇ ಮುದುಕಿಯರು, ವಾರದ ಉಪವಾಸ ಮುರಿದದ್ದಕ್ಕೆ ಹೀಗಾಯಿತು ಎಂದರು. ವೈನಿ ದೇವರ ಮುಂದೆ ನೆಲಕ್ಕೆ ಹಣೆ ಬಡಿದುಕೊಂಡರು. ನಾನು ಡಾಕ್ಟರರನ್ನು ಕರೆತಂದೆ. ಅವರು ದಾರವನ್ನು ಬೆಳಕಿಗೆ ಹಿಡಿದು, ಇವನ್ನು ಚುಚ್ಚಿದವರು ಯಾರು ಎಂದು ಕೇಳಿದರು. ಇಡೀ ಬೀಜದ ಸಿಪ್ಪೆ ಗಟ್ಟಿ, ವಿಷ ಹೊರಗೆ ಬಿಡುವುದಿಲ್ಲ. ತೂತಾದರೆ ಬಿಡುತ್ತದೆ ಎಂದರು. ವೈನಿ ಒಳಗಿದ್ದರು, ಕೇಳಿಸಿರಲಿಲ್ಲ.

ನಾಲ್ಕನೆಯ ದಿನ ನಸುಕಿನಲ್ಲಿ ಮಗು ಹೋಯಿತು.

ಹದಿಮೂರನೆಯ ದಿನದವರೆಗೂ ವೈನಿ ತಾವು ತಿಂದ ಆ ಒಂದು ತುತ್ತಿಗೆ ಅತ್ತರು. ನನಗೆ ತಡೆಯಲಾಗಲಿಲ್ಲ. ಹೋಗಿ, ತಪ್ಪು ತುತ್ತಿನದಲ್ಲ, ನನ್ನ ಸೂಜಿಯದು ಎಂದು ಎಲ್ಲ ಹೇಳಿದೆ. ಅವರು ನನ್ನ ಕೈಗಳನ್ನು ನೋಡಿ ಕೇಳಿದರು:

"ಆಕಿ ರೊಟ್ಟಿ ಹರದದ್ದು ನೀನೂ ನೋಡೀದಿ ಹೌದಿಲ್ಲೋ?"

"ನೋಡೀನ್ರಿ ವೈನಿ."

"ಯಾರರ ಕೇಳಿದ್ರ ಅದನ್ನ ಹೇಳು."

ಆ ತಿಂಗಳೇ ಅವರು ಚಪಳಗಾಂವದ ತವರಿಗೆ ಹೋದರು. ಕೆಲವು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ನನ್ನನ್ನು ಇಷ್ಟು ದಿನ ಯಾರೂ ಕೇಳಲಿಲ್ಲ. ಆ ಚಾಳಿನ ಮುದುಕಿಯರು ಒಬ್ಬರೂ ಉಳಿದಿಲ್ಲ. ಮಗು ರೊಟ್ಟಿ ಹರಿದದ್ದನ್ನು ಕಂಡವರಲ್ಲಿ ಈಗ ಬದುಕಿರುವುದು ನಾನು, ಮತ್ತು ಅಕ್ಕಲಕೋಟೆಯಲ್ಲಿ ಮಗನ ಮನೆಯಲ್ಲಿರುವ ನನ್ನ ಅಕ್ಕ. ಅವಳಿಗೆ ಕಣ್ಣು ಮಂಜಾಗಿದೆ. ಆದರೆ ಮೊನ್ನೆ ಅಂಗಡಿಯಿಂದ ಅವಳಲ್ಲಿಗೆ ಹೋದಾಗ, ಮಗು ಹರಿದದ್ದು ಎಡಗೈಯಿಂದ ಎಂದು ಅವಳೇ ನನಗೆ ನೆನಪು ಮಾಡಿದಳು.