ನರ್ಸಮ್ಮನ ಮನೆಗೆ ಬಂದ ದೊರೆ

ಸಕಲೇಶಪುರದ ನಮ್ಮ ಬೀದಿಯಲ್ಲಿ ಮನೆಗಳಿಗೆ ಹೆಸರು ಬರುತ್ತಿದ್ದುದು ಮಾಲೀಕರಿಂದಲ್ಲ, ಅಲ್ಲಿ ಬಾಳಿದವರಿಂದ. ಗಾಡಿಗಳಲ್ಲಿ ಘಟ್ಟ ಹತ್ತಿಸಿ ಉಪ್ಪು ತರಿಸುತ್ತಿದ್ದ ಸಾಹುಕಾರನದು ಉಪ್ಪಿನ ಮನೆ. ಎಸ್ಟೇಟಿನ ಗುಮಾಸ್ತೆ ಕೆಲಸ ಬಿಟ್ಟು ಬಂದ ಮೇಲೂ ದಾರಿಹೋಕರನ್ನು ಗದರಿಸಿ ಹಾಜರಿ ಕೂಗುತ್ತಿದ್ದ ಮುದುಕನದು ರೈಟರ ಮನೆ. ಮೂಲೆಯಲ್ಲಿದ್ದ ಎತ್ತರದ ಜಗುಲಿಯ ಹೆಂಚಿನ ಮನೆ ನರ್ಸಮ್ಮನದು. ಆ ನರ್ಸಮ್ಮ ನನ್ನ ತಾಯಿ. ನಾವು ಬಾಡಿಗೆಗಿದ್ದವರು, ಮನೆ ನನ್ನ ಗೆಳತಿಯ ಅಪ್ಪನದು. ಅವರ ವಾಸ ಹಿಂದಿನ ಬೀದಿಯಲ್ಲಿ. ಅವರೂ ತಮ್ಮ ಗುರುತು ಹೇಳುತ್ತಿದ್ದುದು ನರ್ಸಮ್ಮನ ಮನೆಯ ಹಿಂದೆ ಎಂದೇ.

ಬಿಸಿಲೆ ಕಡೆಯ ಕಾಫಿ ಎಸ್ಟೇಟುಗಳ ಕೂಲಿ ಲೈನುಗಳಿಂದ ದಿನ ತುಂಬಿದ ಹೆಂಗಸರು ಸಂಜೆ ಬಸ್ಸಿಳಿದು ನೇರ ನಮ್ಮ ಮುಂಗೋಣೆಗೆ ಬರುತ್ತಿದ್ದರು. ಆಸ್ಪತ್ರೆ ಮುಟ್ಟುವಷ್ಟು ಹೊತ್ತಿಲ್ಲದಿದ್ದರೆ ಹೆರಿಗೆ ಅಲ್ಲೇ. ನನ್ನ ಗೆಳತಿ ಹುಟ್ಟಿದ್ದೂ ಅದೇ ಕೋಣೆಯಲ್ಲಿ, ಅಮ್ಮನ ಕೈಯಲ್ಲಿ. ನಾನು ಮಾತ್ರ ಗೊಣಗಿಕೊಂಡು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಅಮ್ಮನಿಗೆ ನಿವೃತ್ತಿಯಾಗಿ ನಾವು ಆಲೂರಿಗೆ ಬಂದೆವು.

ಕೆಲವು ವರ್ಷಗಳಲ್ಲಿ ಸಕಲೇಶಪುರದಲ್ಲಿ ಹೋಂಸ್ಟೇ ಹುಚ್ಚು ಹಿಡಿಯಿತು. ನರ್ಸಮ್ಮನ ಮನೆಯನ್ನೂ ಹೋಂಸ್ಟೇ ಮಾಡಹೊರಟ ಗೆಳತಿ ನನ್ನನ್ನು ಕರೆದುಕೊಂಡು ಹೋಗಿ ಬೀದಿಯುದ್ದಕ್ಕೂ ನಡೆಸಿದಳು. ಯಾವ ಮನೆಯಲ್ಲಿ ಯಾರಿದ್ದರು ಎಂಬುದೆಲ್ಲ ಬಂದವರಿಗೆ ತಿಳಿಯಬೇಕಂತೆ. ಗಂಟಲು ಒಣಗುವವರೆಗೆ ಹೇಳಿದೆ. ಬದಲಿಗೆ ನಾನು ಕೇಳಿದ್ದು ಒಂದೇ, ಮುಂಗೋಣೆಯಲ್ಲಿ ಅಮ್ಮನ ಫೋಟೊ ಇರಬೇಕು.

"ಅದ್ನೂ ಕೇಳ್ಬೇಕೇನೇ? ಮೊದ್ಲು ಹಾಕೋದೇ ಅದು" ಎಂದು, ಬಿಳಿ ಸೀರೆಯಲ್ಲಿ ಜಗುಲಿಯ ಮೇಲೆ ನಿಂತಿದ್ದ ಅಮ್ಮನ ಫೋಟೊವನ್ನು ಆಲೂರಿಗೆ ಬಂದು ತೆಗೆದುಕೊಂಡು ಹೋದಳು.

ಪ್ರಾರಂಭದ ದಿನ ಅಮ್ಮ ರೇಷ್ಮೆ ಸೀರೆ ಉಟ್ಟಳು. ಹೋಗಿ ನೋಡಿದರೆ ಬಾಗಿಲ ಮೇಲೆ 'ದೊರೆ ಬಂಗಲೆ' ಎಂಬ ಬೋರ್ಡು. ಮುಂಗೋಣೆಯ ಗೋಡೆಯ ಫೋಟೊದಲ್ಲಿ ಪೈಪು ಕಚ್ಚಿಕೊಂಡ ಮೀಸೆಯ ಬಿಳಿಯನೊಬ್ಬ. ಗೆಳತಿ ಅವನನ್ನು ಎಲ್ಲಿಂದ ಹಿಡಿದು ತಂದಳೋ! ನಮ್ಮ ಬೀದಿಯಲ್ಲಿ ಯಾವ ದೊರೆಯೂ ಒಂದು ಕುದುರೆ ಕಟ್ಟಿದ್ದನ್ನು ಕೇಳಿದವರಿಲ್ಲ. ಫೋಟೊದ ಕೆಳಗೆ ಬರೆಸಿದ್ದ ಚರಿತ್ರೆಯಲ್ಲಿ ಉಪ್ಪಿನ ಸಾಹುಕಾರನ ಗಾಡಿಗಳು, ರೈಟರ ಹಾಜರಿ, ನಾನು ಹೇಳಿದ್ದೆಲ್ಲ ಆ ಮೀಸೆಯವನ ಪಾಲಾಗಿತ್ತು. ಮೈಯೆಲ್ಲ ಉರಿದುಹೋಯಿತು. ಗೆಳತಿಯನ್ನು ಅಡುಗೆಮನೆಗೆ ಎಳೆದು ಅಮ್ಮನ ಫೋಟೊ ಎಲ್ಲಿ ಎಂದೆ.

"ಎಲ್ಲೋ ಐತೆ, ಹುಡುಕ್ತೀನಿ. ಹೆರಿಗೆ ಕೋಣೆ ಅಂದ್ರೆ ಯಾರು ಬಂದು ಮಲಗ್ತಾರೆ ಮಾರಾಯ್ತಿ?"

ಅಷ್ಟರಲ್ಲಿ ಜಗುಲಿಯಲ್ಲಿ ಯಾರೋ ಅತಿಥಿ, ನೀವು ಈ ಮನೆಯವರೇ ಎಂದು ಅಮ್ಮನನ್ನು ಕೇಳುತ್ತಿದ್ದ. ಗೆಳತಿ ಓಡಿಹೋಗಿ ನಡುವೆ ನಿಂತಳು.

"ಹಿಂದೆ ಇಲ್ಲಿ ಕೆಲಸಕ್ಕಿದ್ರು" ಅಂದಳು.

ಅಮ್ಮ ಅವಳ ಮುಖವನ್ನೇ ನೋಡಿದಳು. ಹೇಳಮ್ಮ, ಈಗಲಾದರೂ ಹೇಳು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

"ಹೌದು ಕಣಪ್ಪ," ಅಂದಳು ಅಮ್ಮ. "ದೊರೆಗಳು ಬಾಳ ಒಳ್ಳೇರು."

ಬಸ್ಸಿನಲ್ಲಿ ಕೂತಮೇಲೆ, ಯಾಕೆ ಹಾಗಂದೆ ಎಂದು ರೇಗಿದೆ.

"ಜನದ ಮುಂದೆ ಅವ್ಳ ಮಾನ ಹೋಗ್ಬುಡ್ತಿತ್ತಲ್ಲೇ."

ನಿನ್ನದು ಹೋಗಲಿಲ್ಲವೇ ಎಂದು ಕೇಳಿದೆ. ಅಮ್ಮ ಕಿಟಕಿಯ ಕಡೆ ತಿರುಗಿ, ಆಲೂರು ಬರುವವರೆಗೂ ಅಳುತ್ತಿದ್ದಳು.