ಹದಿನೈದು ತಂತಿಯ ಮೂರು ಜಡೆ

ರಾಣೆಬೆನ್ನೂರಿನ ಹತ್ತಿ ಗಿರಣಿಯಲ್ಲಿ ನಾನು ವೈರ್‌ಮನ್ ಆಗಿ ಸೇರಿದಾಗ ಜನಕ್ಕೆ ನನ್ನ ಕೈಗಿಂತ ಮೊದಲು ನನ್ನ ಬಾಯಿಯ ಪರಿಚಯವಾಯಿತು. ಸಾಹುಕಾರರು ಎಲೆಅಡಿಕೆ ಜಗಿಯುತ್ತ ಬೈಯುವುದು, ಗುಮಾಸ್ತರು ಮೂರು ಸಲ ಕೆಮ್ಮಿ ಒಂದು ಮಾತಾಡುವುದು, ಎಲ್ಲವನ್ನೂ ಊಟದ ಬಿಡುವಿನಲ್ಲಿ ಮಾಡಿ ತೋರಿಸುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. ಕರೆಂಟು ಹೊಡೆದಾಗ ನಾನು ಆಡಿನ ಮರಿಯ ಹಾಗೆ ಕೂಗಿದ್ದನ್ನು ಜನ ಮತ್ತೆ ಮತ್ತೆ ಕೇಳಿ ಮಾಡಿಸುತ್ತಿದ್ದರು. ಆದರೆ ನನಗೆ ಹೆಸರು ತಂದದ್ದು ಎಂಜಿನ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಕಾಕಾನ ದನಿ. ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ದನಿ ಅದು.

ಗಿರಣಿಯಲ್ಲಿ ಎಣ್ಣೆ ಎಂಜಿನ್ನು ಡೈನಮೋವನ್ನು ತಿರುಗಿಸುತ್ತಿತ್ತು, ಡೈನಮೋ ಐದು ಮೋಟಾರುಗಳನ್ನು ತಿರುಗಿಸುತ್ತಿತ್ತು, ನಮ್ಮೆಲ್ಲರನ್ನೂ ಕಾಕಾ ತಿರುಗಿಸುತ್ತಿದ್ದ. ಹೊಸ ಮೋಟಾರು ಬಂದಾಗಲೆಲ್ಲ ಎಂಜಿನ್ ಕೋಣೆಯಿಂದ ಅದಕ್ಕೆಂದೇ ಮೂರು ತಂತಿ ಎಳೆದಿದ್ದ. ಐದು ಮೋಟಾರಿಗೆ ಹದಿನೈದು. ಅವು ಸೂರಿನ ಕೆಳಗೆ ಒಂದರ ಮೇಲೊಂದು ಹಾಯ್ದು, ಹತ್ತಿಯ ಧೂಳು ಮೆತ್ತಿಕೊಂಡು, ಬಾಚಣಿಗೆ ಕಾಣದ ತಲೆಯಂತೆ ಜೋತಾಡುತ್ತಿದ್ದವು. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಕಾಕಾನೊಬ್ಬನಿಗೇ ಗೊತ್ತು. ಒಂದು ಕೆಟ್ಟರೆ ಅವನಿಗೂ ಅರ್ಧ ದಿನ ಬೇಕಾಗುತ್ತಿತ್ತು.

ಆ ವರ್ಷ ಸಾಹುಕಾರರು ಬ್ಯಾಡಗಿಯ ಖಾರಪುಡಿ ಗಿರಣಿಯಿಂದ ಹಳೆಯದೊಂದು ಮೋಟಾರು ಕೊಂಡು ತಂದರು. ಆರನೆಯದು. ಆದರೆ ಯುದ್ಧದ ಕಾಲ. ತಾಮ್ರದ ತಂತಿ ಹಾವೇರಿಯಲ್ಲೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಆಗ ನಾನು ನಡುವೆ ಬಾಯಿ ಹಾಕಿದೆ.

“ಸಾವ್ಕಾರ್ರ, ನಮ್ಮ ಮೇಡ್ಲೇರ್ಯಾಗ ಒಂದೊಂದು ಗದ್ದಿಗೂ ಹೊಳಿಯಿಂದ ಬ್ಯಾರೆ ಕಾಲುವಿ ತೆಗೆಯಂಗಿಲ್ರಿ. ದೊಡ್ಡದೊಂದು ಕಾಲುವಿ, ಯಾರ ಗದ್ದಿ ಬರ್ತದೋ ಅಲ್ಲಿ ಒಂದು ಬಾಯಿ. ಈ ಹದಿನೈದೂ ಇಳಿಸಿ, ಐದೈದು ಕೂಡಿಸಿ ಮೂರು ಜಡಿ ಹೆಣಿತೀನಿ. ಗ್ವಾಡಿಗುಂಟ ಸೀದಾ ಎಳದ್ರ ತಂತಿ ಇನ್ನೂ ಉಳಿತೈತಿ. ಆ ತುಂಡು ಮೋಟಾರ್ ಇದ್ದಲ್ಲೆ ಇಳಿಸೂದು. ಅಲ್ಲೇ ಫ್ಯೂಜು, ಅಲ್ಲೇ ಸ್ವಿಚ್ಚು.”

“ಜಡಿ ಹೆಣದಮ್ಯಾಲ ಹೂವನೂ ಮುಡಸ್ತಾನೇನ ಕೇಳ್ರಿ,” ಎಂದ ಕಾಕಾ.

ಸಾಹುಕಾರರು ನಗಲಿಲ್ಲ. “ಹಂಗಾಮಿನ ಪೂಜಿ ದಿನ, ಮುಹೂರ್ತ ದಾಟೂದ್ರೊಳಗ ಆರೂ ಓಡಬೇಕು ತಮ್ಮಾ. ಇಲ್ಲಂದ್ರ ನೀ ಮೇಡ್ಲೇರಿ ಹಾದಿ ಹಿಡಿ.”

ಮೇಡ್ಲೇರಿಯಲ್ಲಿ ಅಪ್ಪ ಗದ್ದೆಗೆ ನೀರು ಹಾಯಿಸಲು ಒಬ್ಬ ಆಳನ್ನು ಹುಡುಕುತ್ತಿದ್ದ. ಆ ಆಳು ನಾನೇ ಎಂದು ಅವನ ಗಟ್ಟಿ ನಂಬಿಕೆ. ನನಗೋ ಕೆಸರಿಗಿಂತ ಕರೆಂಟೇ ವಾಸಿ ಎನಿಸಿತ್ತು.

ವಾರವಿಡೀ ಜಡೆ ಹೆಣೆದೆ. ಗೋಡೆಯುದ್ದಕ್ಕೂ ಪಿಂಗಾಣಿ ಬಿಲ್ಲೆಗಳ ಮೇಲೆ ಮೂರೇ ಮೂರು ಸಾಲು. ಸೂರು ಮೊದಲ ಸಲ ಕ್ಷೌರ ಮಾಡಿಸಿಕೊಂಡಂತೆ ಕಂಡಿತು. ಬ್ಯಾಡಗಿ ಮೋಟಾರನ್ನು ಸಾಲಿನ ಕೊನೆಯದಕ್ಕೂ ಅದರ ಹಿಂದಿನದಕ್ಕೂ ನಡುವೆ ಖಾಲಿಯಿದ್ದ ಜಾಗದಲ್ಲಿ ಕೂರಿಸಿ ಒರೆಸಿದೆ; ಹೀಗಾಗಿ ಸಾಲಿನಲ್ಲಿ ಅದು ಐದನೆಯದಾಯಿತು. ಒರೆಸಿದೆ ಎಂದರೆ, ಕಣ್ಣಿಗೆ ಕಾಣುವಷ್ಟು ಒರೆಸಿದೆ. ಪೂಜೆಗೆ ಮುಂಚೆ ಹೊಸದನ್ನು ತಿರುಗಿಸಬಾರದೆಂದು ಅದೊಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಓಡಿಸಿಯೂ ನೋಡಿದೆ. ಚೆಂದ ಓಡಿದವು.

ಪೂಜೆಯ ದಿನ ನಮ್ಮಲ್ಲೊಂದು ರೂಢಿ. ಯಂತ್ರ ನೋಡಿಕೊಳ್ಳುವವನೇ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆಯಬೇಕು; ಮುಹೂರ್ತದಲ್ಲಿ ಅದು ಓಡಿದರೆ ಅವನಿಗೆ ವರ್ಷವಿಡೀ ಒಳ್ಳೆಯದು. ಹಿಂದೆಲ್ಲ ಆರಂಭದ ಸ್ವಿಚ್ಚುಗಳು ಕಾಕಾನ ಕೋಣೆಯಲ್ಲಿದ್ದವು. ಅವನು ಎಲ್ಲರಿಗೂ ಕೈ ಹಿಂದೆ ಕಟ್ಟಿ ನಿಲ್ಲಲು ಕೂಗಿ, ಒಂದನ್ನು ಹಾಕಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಆಮೇಲೆ ಎರಡನೆಯ ನಂಬರು ಕೂಗಿ ಅದನ್ನು ಹಾಕುತ್ತಿದ್ದ. ಆ ನಿಧಾನ ಅವನ ದೌಲತ್ತು ಎಂದು ತಿಳಿದು ನಾನು ಎಷ್ಟೋ ಸಲ ಅಣಕಿಸಿದ್ದೆ. ಈಗ ಎಲ್ಲರ ಕೈಯಲ್ಲೂ ಅವರವರ ಸ್ವಿಚ್ಚು. ಪೂಜೆ ಮಾಡಿಸಲು ಬಂದಿದ್ದ ಅಯ್ಯನವರು ಗಂಟೆ ಬಾರಿಸಿದರು. ಒಳ್ಳೆಯದು ತನಗೇ ಮೊದಲು ಆಗಲೆಂದು ಆರೂ ಜನ ಒಟ್ಟಿಗೆ ಹಾಕಿದರು.

ದೀಪ ಕೆಂಪಾಯಿತು. ಆರರ ಭಾರ ಒಟ್ಟಿಗೇ ಬಿದ್ದು ಎಂಜಿನ್ನು ಒಮ್ಮೆ ನರಳಿತು. ಡೈನಮೋದ ಪಟ್ಟಿ ಕಳಚಿ ಬಿತ್ತು. ಆಮೇಲೆ ಗಿರಣಿಯಲ್ಲಿ ಕೇಳಿಸಿದ್ದು ಗುಮಾಸ್ತರ ಕೆಮ್ಮು ಮಾತ್ರ.

“ಇನ್ನ ಹತ್ತು ಮಿನಿಟು ಮುಹೂರ್ತ ಐತಿ,” ಎಂದರು ಅಯ್ಯನವರು. ಸಾಹುಕಾರರು ನನ್ನನ್ನು ನೋಡಿದರು. ಕಾಕಾ ಒಳಗೆ ಹೋಗಿ ಪಟ್ಟಿ ಏರಿಸಿ ಎಂಜಿನ್ನನ್ನು ಮತ್ತೆ ಎಬ್ಬಿಸಿದ.

“ಒಬ್ಬೊಬ್ಬರ ಹಾಕ್ರಪಾ,” ಎಂದು ನಾನು ಬೇಡಿಕೊಂಡೆ.

“ನಿನ್ನ ಮಾತು ಖರೇನೋ ಸೋಗೋ?” ಎಂದ ಒಬ್ಬ. “ನಾನ ಮೊದಲ,” ಎಂದ ಇನ್ನೊಬ್ಬ. ಆರು ಕೈ ಮತ್ತೆ ಸ್ವಿಚ್ಚಿನ ಮೇಲೆ.

ನಾನು ಉಸಿರನ್ನು ಮೂಗಿಗೇರಿಸಿದೆ. “ಕೈ ಹಿಂದ ಕಟ್ರಿ ಎಲ್ಲಾರೂ. ಒಂದನೇದಂವ ಹಾಕ್.”

ನಗು ಬಂತು, ಆದರೆ ಕೈಗಳು ಹಿಂದಕ್ಕೆ ಹೋದವು. ಹತ್ತು ವರ್ಷ ಆ ದನಿಗೆ ಪಳಗಿದ ಕೈಗಳು. ಒಂದು ಓಡಿತು. ಎಂಜಿನ್ನು ಕುಗ್ಗಿ, ಚೇತರಿಸಿಕೊಂಡು, ಹಳೆಯ ಲಯಕ್ಕೆ ಬಂತು. ಎರಡು. ಮೂರು. ನಾನು ಯಂತ್ರದಿಂದ ಯಂತ್ರಕ್ಕೆ ನಡೆಯುತ್ತ ಕೂಗಿದೆ. ನಾಲ್ಕು. ಐದು.

ಐದನೆಯದು ಬ್ಯಾಡಗಿಯದು. ಅದು ತಿರುಗಿದ್ದೇ ತಡ, ಹೊಟ್ಟೆಯಲ್ಲಿದ್ದ ಖಾರವನ್ನೆಲ್ಲ ನೇರ ನನ್ನ ಮುಖಕ್ಕೆ ಉಗುಳಿತು. ಗಂಟಲು ಕಟ್ಟಿತು, ಕಣ್ಣು ಮುಚ್ಚಿತು. ಸೀನುಗಳ ನಡುವೆ ‘ಆರು’ ಎನ್ನಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು.

“ಆರನೇದಂವ, ನಿಂದ್ರು. ಎಂಜಿನ್ ಸುಧಾರಿಸ್ಕೊಳ್ಳಿ… ಹಾಂ, ಹಾಕ್.”

ಅದೇ ಮೂಗು, ಅದೇ ದನಿ, ಆದರೆ ನನ್ನದಲ್ಲ. ಕಾಕಾ ಎಂಜಿನ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಆರನೆಯದೂ ಓಡಿತು. ಸಾಹುಕಾರರು ಸೀನುತ್ತಲೇ ಕೈ ಮುಗಿದರು.

ಕಾಕಾ ತನ್ನ ಹೆಗಲ ಟವೆಲ್ಲನ್ನು ನೀರಲ್ಲದ್ದಿ ನನಗೆ ಕೊಟ್ಟ. “ಕಾಲುವಿ ನೆನಪಿತ್ತು, ನೀರಿನ ಪಾಳಿ ಮರತಿದ್ದಿ,” ಎಂದ. ಆಮೇಲೆ ಮೆಲ್ಲಗೆ ಕೇಳಿದ: “ನಾ ಅಷ್ಟು ಮೂಗಿನ್ಯಾಗ ಮಾತಾಡ್ತೀನೇನಲೇ?”

ಮರುದಿನ ಪ್ರತಿ ಸ್ವಿಚ್ಚಿನ ಮೇಲೂ ಸುಣ್ಣದಿಂದ ನಂಬರು ಬರೆದೆ. ಮುಂಜಾನೆ ಪಾಳಿ ಕೂಗುವ ಕೆಲಸ ಕಾಕಾನಿಗೇ ಉಳಿಯಿತು. ಆದರೆ ಅವನು ಈಗ ಎದೆಯಿಂದ ಕೂಗಲು ಶುರುಮಾಡಿದ್ದ. ಮೂರನೆಯ ದಿನ ಜನ ನನ್ನ ಬಳಿ ಬಂದು ದೂರಿದರು, ಆ ದನಿಗೆ ಕೈ ಏಳುವುದಿಲ್ಲವಂತೆ, ಹಳೆಯದನ್ನೇ ಕೂಗಲು ಹೇಳಬೇಕಂತೆ. ಕೊನೆಗೆ ಊಟದ ಬಿಡುವಿನಲ್ಲಿ ಕಾಕಾನ ಎದುರು ಕುಳಿತು ಅವನ ದನಿಯನ್ನು ಅವನಿಗೇ ಕಲಿಸಿದೆ.